ವಿಮೆ ಕಡ್ಡಾಯ ಆದರೆ ಆಸ್ಪತ್ರೆ ಬಿಲ್ ಇಳಿಯುತ್ತಾ?

ಪ್ರಶ್ನೆ: ನನಗೆ 38 ವರ್ಷ. ರಾಣೆಬೆನ್ನೂರಿನಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ನಾಲ್ಕು ಹುಡುಗರು ಕೆಲಸಕ್ಕಿದ್ದಾರೆ. ಹೆಂಡತಿ, ಇಬ್ಬರು ಮಕ್ಕಳು, ಅಪ್ಪ (66), ಅವ್ವ (61) ಎಲ್ಲ ಒಟ್ಟಿಗೇ ಇದ್ದೇವೆ. ನಮ್ಮದು ಎಪಿಎಲ್ ಕಾರ್ಡ್. ಅಪ್ಪನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ವರ್ಷ ಎದೆನೋವು ಬಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಒಂದು ಸ್ಟೆಂಟ್ ಹಾಕಿದರು. ಬಿಲ್ 2,40,000 ಆಯಿತು. ಹೆಂಡತಿಯ ಬಳೆ, ಸರ ಅಡವಿಟ್ಟು ಕಟ್ಟಿದೆ, ಇನ್ನೂ ಬಿಡಿಸಿಲ್ಲ. ಪಕ್ಕದ ಹಾಸಿಗೆಯವರಿಗೆ ವಿಮೆ ಇತ್ತು, ಒಂದು ಸಹಿ ಹಾಕಿ ಮನೆಗೆ ಹೋದರು. ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ, ಅಲ್ಲಿ ವಿಮೆ ಎಲ್ಲರಿಗೂ ಕಡ್ಡಾಯ, ನಿಮ್ಮಲ್ಲೂ ಹಾಗೇ ಮಾಡಬೇಕು ಅನ್ನುತ್ತಾರೆ. ನನಗೂ ಹೌದೆನಿಸುತ್ತದೆ. ಬೈಕಿಗೆ ಕಡ್ಡಾಯ ಇರುವಾಗ ಮನುಷ್ಯನಿಗೆ ಯಾಕಿಲ್ಲ? ಎಲ್ಲರೂ ಕಟ್ಟಿದರೆ ಆಸ್ಪತ್ರೆ ಖರ್ಚು ತಾನಾಗಿ ಇಳಿಯುವುದಿಲ್ಲವಾ? ಇನ್ನೊಂದು ವಿಷಯ. ಏಜೆಂಟ್ ಒಬ್ಬರು ಆರು ಜನಕ್ಕೂ ಸೇರಿಸಿ 5 ಲಕ್ಷದ ಪಾಲಿಸಿಗೆ ವರ್ಷಕ್ಕೆ 68,000 ಹೇಳಿದ್ದಾರೆ. ಅಪ್ಪನ ಸಕ್ಕರೆ, ಸ್ಟೆಂಟ್ ವಿಷಯ ಫಾರ್ಮಿನಲ್ಲಿ ಬರೆಯುವುದು ಬೇಡ, ಐದು ವರ್ಷ ದಾಟಿದರೆ ಯಾರೂ ಕೇಳಲ್ಲ ಅನ್ನುತ್ತಾರೆ. ತಗೊಳ್ಳಲಾ? ಇಲ್ಲ, ಆ ದುಡ್ಡನ್ನು ಸುಮ್ನೆ ಆರ್‌ಡಿ ಕಟ್ಟಲಾ? ಅವ್ವನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ. ಅಪ್ಪನ ಹೆಸರಲ್ಲಿ ಎರಡೆಕರೆ ಹೊಲ, ಊರ ಸೊಸೈಟಿಯಲ್ಲಿ ಸ್ವಲ್ಪ ಷೇರು ಇದೆ. ಅಷ್ಟೇ ಆಸ್ತಿ.

— ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಹೆಣೆದುಕೊಂಡಿವೆ. ಒಂದು ದೇಶದ್ದು: ವಿಮೆ ಕಡ್ಡಾಯ ಆದರೆ ಚಿಕಿತ್ಸೆ ಅಗ್ಗ ಆಗುತ್ತಾ? ಇನ್ನೊಂದು ನಿಮ್ಮ ಮನೆಯದು: ಈ 68,000ವನ್ನು ಎಲ್ಲಿ ಹಾಕುವುದು? ಎರಡನ್ನೂ ಬಿಡಿಸಿ ಹೇಳುತ್ತೇನೆ. ನಾನು ಮೊದಲು ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೂತವಳು, ಆಮೇಲೆ ವಿಮಾ ಕಂಪನಿಗಳ ಪರವಾಗಿ ಕ್ಲೇಮ್ ಪರಿಶೀಲಿಸುವ ಟಿಪಿಎ ಕಚೇರಿಯಲ್ಲಿ ವರ್ಷಗಟ್ಟಲೆ ಕ್ಲೇಮ್ ಫೈಲು ನೋಡಿದವಳು. ಬಿಲ್ ಹುಟ್ಟುವುದನ್ನೂ ಕಂಡಿದ್ದೇನೆ, ಅದನ್ನು ಕತ್ತರಿಸುವುದನ್ನೂ ಮಾಡಿದ್ದೇನೆ.

ಮೊದಲು ಬೈಕಿನ ಮಾತು. ಗಾಡಿಗೆ ಕಡ್ಡಾಯ ಇರುವುದು ಥರ್ಡ್ ಪಾರ್ಟಿ ವಿಮೆ. ನಿಮ್ಮ ಬೈಕ್ ಹಾಳಾದರೆ ಅದು ಒಂದು ಪೈಸೆ ಕೊಡುವುದಿಲ್ಲ. ನೀವು ಬೇರೆಯವರಿಗೆ ಗುದ್ದಿದರೆ ಅವರಿಗೆ ಪರಿಹಾರ ಸಿಗಲಿ ಎಂದು ಮೋಟಾರು ವಾಹನ ಕಾಯ್ದೆ ಆ ನಿಯಮ ಮಾಡಿದೆ. ಆರೋಗ್ಯ ವಿಮೆ ಹಾಗಲ್ಲ, ಅದು ನಿಮಗಾಗಿ ನೀವು ಕಟ್ಟುವುದು. ಆದರೂ ನಿಮ್ಮ ಹೋಲಿಕೆಯಲ್ಲಿ ಒಂದು ಸತ್ಯ ಅಡಗಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಥರ್ಡ್ ಪಾರ್ಟಿ ವಿಮೆಯ ದರವನ್ನು ಕಂಪನಿಗಳು ತಮಗೆ ಬೇಕಾದಂತೆ ಇಡುವಂತಿಲ್ಲ, ಸರ್ಕಾರ ಪ್ರಕಟಿಸುತ್ತದೆ. ಜನ ತಗೊಳ್ಳಲೇಬೇಕು ಅಂದಮೇಲೆ ದರವನ್ನೂ ಕಟ್ಟಿಹಾಕಬೇಕು. ಈ ಎರಡನೇ ಅರ್ಧವನ್ನು ಬಿಟ್ಟು ಮೊದಲ ಅರ್ಧವನ್ನು ಮಾತ್ರ ಹೇಳುವವರೇ ಜಾಸ್ತಿ.

ಕಡ್ಡಾಯ ಯಾಕೆ ಬೇಕು ಅನ್ನುವವರ ವಾದ ಸುಳ್ಳಲ್ಲ. ಊರ ಜಾತ್ರೆಗೆ ವಂತಿಗೆ ಎತ್ತುವುದು ನೋಡಿದ್ದೀರಲ್ಲ, ಅದರಲ್ಲೇ ಎಲ್ಲ ಇದೆ. ಮನೆಗಿಷ್ಟು ಅಂತ ಕಟ್ಟುನಿಟ್ಟು ಮಾಡದೆ, ಬೇಕಾದವರು ಕೊಡಿ ಎಂದು ಬಿಟ್ಟರೆ ಏನಾಗುತ್ತದೆ? ನೆಂಟರು ತುಂಬುವ ಮನೆಯವರು ತಕ್ಷಣ ಕೊಡುತ್ತಾರೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯವರು, ನಮಗ್ಯಾಕೆ, ನಾವು ಉಣ್ಣುವುದೇ ಎರಡು ಎಲೆ ಅಂತ ಹಿಂದೆ ಸರಿಯುತ್ತಾರೆ. ಉಳಿದವರೆಲ್ಲ ಜಾಸ್ತಿ ಉಣ್ಣುವವರೇ, ಹಾಗಾಗಿ ಮನೆಗೆ ಬೀಳುವ ಪಾಲು ಏರುತ್ತದೆ. ಏರಿದಾಗ ನಡುವಿನವರೂ ಬಿಡುತ್ತಾರೆ. ಮರುವರ್ಷ ಪಾಲು ಇನ್ನೂ ಮೇಲೆ. ವಿಮೆಯಲ್ಲಿ ನಡೆಯುವುದೂ ಇದೇ. ಗಟ್ಟಿಮುಟ್ಟಾದ 28ರ ಹುಡುಗ ಪಾಲಿಸಿ ತಗೊಳ್ಳುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರ ಮಗ ಮಾರನೇ ದಿನವೇ ಏಜೆಂಟನ್ನು ಹುಡುಕುತ್ತಾನೆ. ಬೇಸರ ಮಾಡಿಕೊಳ್ಳಬೇಡಿ, ನಾನೂ ಹಾಗೇ ಮಾಡುತ್ತಿದ್ದೆ. ಅದಕ್ಕೇ ಕಂಪನಿಗಳು ವಯಸ್ಸಾದವರಿಗೆ ದರ ಏರಿಸುತ್ತವೆ, ಹಳೇ ಕಾಯಿಲೆಗೆ ವರ್ಷಗಟ್ಟಲೆ ಕಾಯಿಸುತ್ತವೆ. ಎಲ್ಲರೂ ಕಡ್ಡಾಯವಾಗಿ ಸೇರಿದರೆ ಈ ರೋಗ ವಾಸಿಯಾಗುತ್ತದೆ. ಇಲ್ಲಿಯವರೆಗೆ ಭಾವನ ಮಾತು ಸರಿ.

ಆದರೆ ವಂತಿಗೆ ತಪ್ಪದೆ ಬಂತು ಅಂದಮಾತ್ರಕ್ಕೆ ಅಡುಗೆ ಭಟ್ಟರು ಎಲೆಗೆ ಇಷ್ಟು ಅಂತ ಹೇಳುವ ರೇಟು ಇಳಿಯುತ್ತದಾ? ಊರಲ್ಲಿ ದುಡ್ಡು ಸೇರಿದೆ ಎಂದು ಗೊತ್ತಾದರೆ ಏರಿಸಲೂಬಹುದು. ಕಡ್ಡಾಯ ಅನ್ನುವುದು ಬಿಲ್ಲನ್ನು ಯಾರು ಯಾರು ಹಂಚಿಕೊಳ್ಳಬೇಕು ಎಂಬುದಕ್ಕೆ ಉತ್ತರ. ಬಿಲ್ ಎಷ್ಟಿರಬೇಕು ಎಂಬುದು ಬೇರೆಯದೇ ಪ್ರಶ್ನೆ.

ಇದಕ್ಕೆ ಭಾವನ ಊರೇ ಸಾಕ್ಷಿ. ಅಮೆರಿಕದಲ್ಲಿ 2010ರಲ್ಲಿ ಒಬಾಮ ಸರ್ಕಾರ ತಂದ ಕಾನೂನು, ಹಳೇ ಕಾಯಿಲೆ ಇದೆ ಎಂದು ಕಂಪನಿಗಳು ಯಾರನ್ನೂ ದೂರ ಇಡುವಂತಿಲ್ಲ ಎಂದಿತು. ಹಾಗೆ ಹೇಳಿದಮೇಲೆ ಜನ ಕಾಯಿಲೆ ಬಂದಮೇಲೆ ಸೇರಿಕೊಂಡರೆ? ಅದಕ್ಕೇ ಎಲ್ಲರೂ ವಿಮೆ ತಗೊಳ್ಳಬೇಕು, ಇಲ್ಲದಿದ್ದರೆ ದಂಡ ಎಂದೂ ಸೇರಿಸಿದರು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 2012ರಲ್ಲಿ ಕೋರ್ಟು, ಇದೊಂದು ತೆರಿಗೆ ಇದ್ದಹಾಗೆ, ಹಾಕಬಹುದು ಅಂದಿತು. 2017ರಲ್ಲಿ ಬಂದ ತೆರಿಗೆ ಕಾನೂನು ಆ ದಂಡವನ್ನು 2019ರಿಂದ ಸೊನ್ನೆ ಮಾಡಿತು. ಅಂದರೆ ಇಡೀ ಅಮೆರಿಕಕ್ಕೆ ಅನ್ನುವಂಥ ದಂಡ ಈಗಿಲ್ಲ. ನ್ಯೂಜೆರ್ಸಿಯದು ಆ ರಾಜ್ಯವೇ ಮಾಡಿಕೊಂಡ ಕಾನೂನು, ಭಾವ ಹೇಳುತ್ತಿರುವುದು ಅದನ್ನೇ ಇರಬೇಕು. ಈ ಕಾನೂನಿನಿಂದ ವಿಮೆ ಇಲ್ಲದವರ ಸಂಖ್ಯೆ ಬಹಳ ಇಳಿಯಿತು, ಅದು ಸಣ್ಣ ಸಾಧನೆಯಲ್ಲ. ಖರ್ಚು ಇಳಿಯಿತಾ? ಆ ದೇಶ ಇವತ್ತಿಗೂ ಜಿಡಿಪಿಯ ಶೇ 17ಕ್ಕಿಂತ ಜಾಸ್ತಿಯನ್ನು ಆರೋಗ್ಯಕ್ಕೇ ಸುರಿಯುತ್ತಿದೆ. ಅಷ್ಟು ಖರ್ಚು ಮಾಡುವ ದೊಡ್ಡ ದೇಶ ಇನ್ನೊಂದಿಲ್ಲ.

ಖರ್ಚನ್ನು ಹಿಡಿತದಲ್ಲಿ ಇಟ್ಟುಕೊಂಡ ದೇಶಗಳು ಬೇರೆ ದಾರಿ ಹಿಡಿದಿವೆ. ಜರ್ಮನಿಯಲ್ಲಿ 1883ರಿಂದಲೂ ಕಡ್ಡಾಯ ವಿಮೆ ಇದೆ. ಅಲ್ಲಿ ನೌಕರನ ಪಾಲು ಸಂಬಳದ ಲೆಕ್ಕದಲ್ಲಿ ಹೋಗುತ್ತದೆ, ವಯಸ್ಸು ಅಥವಾ ಕಾಯಿಲೆಯ ಲೆಕ್ಕದಲ್ಲಲ್ಲ. ಜಪಾನಿನಲ್ಲಿ 1961ರಿಂದ ಎಲ್ಲರಿಗೂ ವಿಮೆ ಇದೆ. ಜೊತೆಗೆ ಯಾವ ಚಿಕಿತ್ಸೆಗೆ ಎಷ್ಟು ಎಂಬ ಪಟ್ಟಿಯನ್ನು ಸರ್ಕಾರವೇ ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಥಾಯ್ಲೆಂಡ್ 2002ರಲ್ಲಿ ಪ್ರೀಮಿಯಂ ಗೊಡವೆಯನ್ನೇ ಬಿಟ್ಟಿತು. ತೆರಿಗೆ ದುಡ್ಡು ಹಾಕಿ, ಒಂದು ಭೇಟಿಗೆ 30 ಬಾತ್ ಕೊಟ್ಟರೆ ಸಾಕು ಎಂಬ ಯೋಜನೆ ಶುರು ಮಾಡಿತು. ಮೂರೂ ಕಡೆ ಭಟ್ಟರ ಜೊತೆ ಇಡೀ ಊರು ಒಟ್ಟಾಗಿ ಕೂತು ರೇಟು ಮಾತಾಡಿದೆ.

ನಮ್ಮಲ್ಲಿ ಕಡ್ಡಾಯ ವಿಮೆ ಇಲ್ಲವೇ ಇಲ್ಲ ಅನ್ನುವುದೂ ತಪ್ಪು ತಿಳಿವಳಿಕೆ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇದೆಯಲ್ಲ! 1948ರ ಕಾಯ್ದೆಯಿಂದ ಬಂದದ್ದು ಅದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಕಡ್ಡಾಯ. 2019ರಿಂದ ನೌಕರನದು ಶೇ 0.75, ಮಾಲೀಕನದು ಶೇ 3.25. ಸಂಬಳ 15,000 ಇದ್ದರೆ ಇಬ್ಬರದೂ ಸೇರಿ ತಿಂಗಳಿಗೆ 600 ರೂಪಾಯಿ. ಅಷ್ಟಕ್ಕೆ ಹೆಂಡತಿ, ಮಕ್ಕಳು, ಅವನನ್ನೇ ನಂಬಿಕೊಂಡ ಅಪ್ಪ ಅಮ್ಮನಿಗೂ ಚಿಕಿತ್ಸೆ ಇದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೂ ಅದೇ 600. ಇಷ್ಟೇ ಲಕ್ಷ ಎಂಬ ಮಿತಿಯೂ ಇಲ್ಲ. ಇಎಸ್‌ಐ ಆಸ್ಪತ್ರೆಗಳ ಸಾಲು, ಔಷಧಿ ಇಲ್ಲ ಎಂಬ ಉತ್ತರ, ಅದೆಲ್ಲ ನನಗೂ ಗೊತ್ತು. ನಾನು ಹೇಳುತ್ತಿರುವುದು ಲೆಕ್ಕದ ಸೊಗಸು ಮಾತ್ರ. ಕಡ್ಡಾಯವೂ ಇದೆ, ಸಂಬಳಕ್ಕೆ ತಕ್ಕ ಕಂತೂ ಇದೆ, ಅದಕ್ಕೇ ಇಷ್ಟು ಕಡಿಮೆಗೆ ಕೂರುತ್ತದೆ. ನಿಮ್ಮ ಅಂಗಡಿಯಲ್ಲಿ ನಾಲ್ಕೇ ಜನ, ಹಾಗಾಗಿ ಆ ಕಡ್ಡಾಯ ನಿಮಗೆ ತಗುಲುವುದಿಲ್ಲ. ನಮ್ಮ ದೇಶದಲ್ಲಿ ದುಡಿಯುವವರಲ್ಲಿ ಬಹುಪಾಲು ನಿಮ್ಮಂಥವರು, ನಿಮ್ಮ ಹುಡುಗರಂಥವರು. ಸಂಬಳದ ಚೀಟಿಯೇ ಇಲ್ಲದವರಿಂದ ಕಡ್ಡಾಯವಾಗಿ ಕಂತು ವಸೂಲಿ ಮಾಡುವುದು ಹೇಗೆ? ಇಲ್ಲಿ ಕಡ್ಡಾಯದ ವಾದ ಸಿಕ್ಕಿಹಾಕಿಕೊಳ್ಳುವುದು ಈ ಜಾಗದಲ್ಲೇ. ಹೂ ಮಾರುವವಳಿಗೆ ದಂಡ ಹಾಕುತ್ತೀರಾ? ಆಗುವುದಿಲ್ಲ. ಅವಳ ಪಾಲನ್ನು ಸರ್ಕಾರ ಕಟ್ಟಬೇಕು. ಅಂದರೆ ಸುತ್ತಿ ಬಳಸಿ ತೆರಿಗೆಗೇ ಬಂತು.

ಹಾಗೆ ನೋಡಿದರೆ ಸರ್ಕಾರಿ ಆಸ್ಪತ್ರೆಯೇ ನಾವೆಲ್ಲ ಕಡ್ಡಾಯವಾಗಿ ಕಂತು ಕಟ್ಟಿರುವ ವಿಮೆ. ಸೋಪಿನಿಂದ ಹಿಡಿದು ನಿಮ್ಮ ಬ್ರೇಕ್ ಶೂವರೆಗೆ ತೆರಿಗೆ ಕೊಡುತ್ತೇವೆ, ಕ್ಲೇಮ್ ಮಾತ್ರ ಮಾಡುವುದಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕ ಹೇಳುತ್ತೇನೆ: ಹೆರಿಗೆ ಬಿಟ್ಟು ಉಳಿದ ಕಾರಣಕ್ಕೆ ಒಮ್ಮೆ ಅಡ್ಮಿಟ್ ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ ಖರ್ಚು 4,452 ರೂಪಾಯಿ, ಖಾಸಗಿಯಲ್ಲಿ 31,845. ಏಳು ಪಟ್ಟು. ಪಕ್ಕದಲ್ಲಿ ಒಳ್ಳೆಯ ಸರ್ಕಾರಿ ಆಸ್ಪತ್ರೆ ಇದ್ದರೆ ಖಾಸಗಿಯವರ ರೇಟೂ ಹದ್ದುಬಸ್ತಿನಲ್ಲಿ ಇರುತ್ತದೆ. ಇಲ್ಲದ ಕಡೆ ಅವರು ಹೇಳಿದ್ದೇ ರೇಟು.

ರೇಟು ಏರುವುದು ಹೇಗೆ ಅಂತ ಕೇಳುತ್ತೀರಿ. ಟೊಮೆಟೊ ಕೊಳ್ಳುವಾಗ ನೀವು ಚೌಕಾಸಿ ಮಾಡುತ್ತೀರಿ. ಐಸಿಯು ಬಾಗಿಲಲ್ಲಿ ಯಾರು ಮಾಡುತ್ತಾರೆ? ಏನು ಬೇಕು ಎಂದು ಹೇಳುವವರೂ ಅವರೇ, ಮಾರುವವರೂ ಅವರೇ. ಆಸ್ಪತ್ರೆಯವರೆಲ್ಲ ಕಳ್ಳರು ಎಂದು ನಾನು ಹೇಳುವುದಿಲ್ಲ. ಸಾಲ ತೆಗೆದು ಸ್ಕ್ಯಾನಿಂಗ್ ಮಿಷನ್ ತಂದು, ಕಂತು ತುಂಬಲು ಒದ್ದಾಡುವ ಸಣ್ಣ ನರ್ಸಿಂಗ್ ಹೋಮ್ ವೈದ್ಯರನ್ನು ಎಷ್ಟೋ ಜನರನ್ನು ಬಲ್ಲೆ. ಆದರೂ ಕೌಂಟರಿನಲ್ಲಿ ಕೂತಿದ್ದಾಗ ದಿನವೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಕ್ಯಾಷಾ, ಇನ್ಶೂರೆನ್ಸಾ?’ ಉತ್ತರದ ಮೇಲೆ ರೂಮೂ ಬದಲಾಗುತ್ತಿತ್ತು, ಟೆಸ್ಟುಗಳ ಪಟ್ಟಿಯೂ ಉದ್ದ ಆಗುತ್ತಿತ್ತು. ರೋಗಿಯ ಮನೆಯವರೂ ತಡೆಯುತ್ತಿರಲಿಲ್ಲ. ಹೇಗಿದ್ದರೂ ಕಂಪನಿ ಕೊಡುತ್ತದಲ್ಲ! ಅದೇ ದುಡ್ಡು ಮರುವರ್ಷ ಎಲ್ಲರ ಪ್ರೀಮಿಯಂ ಮೇಲೆ ಬಂದು ಕೂರುತ್ತದೆ.

ಸರ್ಕಾರ ದರ ಹಿಡಿಯಲು ನೋಡಿದ್ದೂ ಇದೆ. 2017ರ ಫೆಬ್ರುವರಿಯಲ್ಲಿ ಔಷಧಿ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿ ಎಂದು ಮಿತಿ ಹಾಕಿದರು. ಅದಕ್ಕೆ ಮೊದಲು ಒಂದು ಲಕ್ಷ, ಅದಕ್ಕೂ ಜಾಸ್ತಿ ಬಿಲ್ ಆಗುತ್ತಿದ್ದ ಸ್ಟೆಂಟುಗಳು ಅವು. ನಿಮ್ಮ ತಂದೆಯವರ ಬಿಲ್ ಇನ್ನೂ ದೊಡ್ಡದಾಗದೆ ಉಳಿದಿದ್ದರೆ ಅದರ ಪುಣ್ಯ. ಆದರೆ ನಮ್ಮ ಮೇಜಿಗೆ ಬಂದ ಫೈಲುಗಳಲ್ಲಿ ಸ್ಟೆಂಟಿನ ಸಾಲು ಕುಗ್ಗಿದಮೇಲೆ ಕೆಲವು ಕಡೆ ಬೇರೆ ಸಾಲುಗಳು ದಪ್ಪ ಆದವು. ಬಲೂನಿನ ಒಂದು ಕಡೆ ಒತ್ತಿದ ಹಾಗೆ. ಅದೇ ವರ್ಷ ನವೆಂಬರಿನಲ್ಲಿ ನಮ್ಮ ರಾಜ್ಯದ ಖಾಸಗಿ ವೈದ್ಯರು, ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಯ ತಿದ್ದುಪಡಿ ವಿರುದ್ಧ ಮುಷ್ಕರ ಮಾಡಿದ್ದು ನಿಮಗೆ ನೆನಪಿರಬಹುದು. ಎಲ್ಲ ಖಾಸಗಿ ಚಿಕಿತ್ಸೆಗೂ ಸರ್ಕಾರ ದರ ಕಟ್ಟುವ ಮಾತು ಅಲ್ಲಿಗೆ ತಣ್ಣಗಾಯಿತು. ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು ಎಂಬುದು ಉಳಿಯಿತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಪಟ್ಟಿ ಎಲ್ಲಿದೆ ಎಂದು ಕೇಳಿ. ವೈದ್ಯರ ಅಂಜಿಕೆಯೂ ಪೂರ್ತಿ ಹುಸಿಯಲ್ಲ. ದರವನ್ನು ತೀರಾ ಕೆಳಗೆ ಕಟ್ಟಿದರೆ ಆಸ್ಪತ್ರೆಗಳು ಯೋಜನೆ ಬಿಟ್ಟು ಹೋಗುತ್ತವೆ, ಅಥವಾ ಹಾಸಿಗೆ ಖಾಲಿ ಇಲ್ಲ ಎನ್ನುತ್ತವೆ.

ಹಾಗಾಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದರಕ್ಕೆ ಲಗಾಮು ಇಲ್ಲದೆ, ಬಡವರ ಪಾಲು ಯಾರು ಕಟ್ಟುತ್ತಾರೆ ಎಂದು ತೀರ್ಮಾನ ಆಗದೆ ವಿಮೆಯನ್ನು ಕಡ್ಡಾಯ ಮಾಡಿದರೆ ಲಾಭ ಕಂಪನಿಗೆ ಮತ್ತು ದೊಡ್ಡ ಆಸ್ಪತ್ರೆಗೆ. ನಿಮಗೆ ಬರುವುದು ಇನ್ನೊಂದು ಕಂತು.

ಇನ್ನು ನಿಮ್ಮ ಮನೆಯ ವಿಷಯ. ನಿಮ್ಮ ಪತ್ರದ ಕೊನೆಯ ಸಾಲು ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಊರ ಸೊಸೈಟಿಯಲ್ಲಿ ಷೇರು ಇದೆ ಎಂದು ಆಸ್ತಿಯ ಲೆಕ್ಕದಲ್ಲಿ ಬರೆದಿದ್ದೀರಿ. ಅದು ಆಸ್ತಿಗಿಂತ ದೊಡ್ಡದು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. 2003ರಲ್ಲಿ ತಿಂಗಳಿಗೆ 5 ರೂಪಾಯಿಯಿಂದ ಶುರುವಾಗಿ, 2018ರಲ್ಲಿ ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿಹೋಗಿ, 2022ರ ಕೊನೆಗೆ ಮತ್ತೆ ನೋಂದಣಿ ಆರಂಭವಾದ ಯೋಜನೆ. ಮರಳಿ ಬಂದಾಗ ಹಳ್ಳಿಯ ಸಂಘದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100 ಎಂದು ಇಟ್ಟರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಲ್ಲ ಕಾಯಿಲೆಯೂ ಅದರಲ್ಲಿಲ್ಲ, ಒಂದು ಪಟ್ಟಿ ಇದೆ. ಎಲ್ಲ ಆಸ್ಪತ್ರೆಯಲ್ಲೂ ನಡೆಯುವುದಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಹೆಸರು ಬರೆಸಿಕೊಳ್ಳುತ್ತಾರೆ, ಆಮೇಲೆ ಹೋದರೆ ಮುಗಿಯಿತು ಅನ್ನುತ್ತಾರೆ. ನಾಳೆಯೇ ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ. ನಿಮ್ಮ ತಂದೆಯವರ ಸದಸ್ಯತ್ವ ಚಾಲ್ತಿಯಲ್ಲಿದೆಯಾ, ಮುಂದಿನ ನೋಂದಣಿ ಯಾವಾಗ, ಮನೆಯ ಯಾರ್‍ಯಾರನ್ನು ಸೇರಿಸಬಹುದು ಎಂದು ತಿಳಿದುಕೊಳ್ಳಿ.

ಎರಡನೆಯದು ಎಪಿಎಲ್ ಕಾರ್ಡಿನ ವಿಷಯ. ಎಪಿಎಲ್‌ಗೆ ಏನೂ ಸಿಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಚಿಕಿತ್ಸೆ. ಎಪಿಎಲ್‌ಗೆ ಪ್ಯಾಕೇಜ್ ದರದ (ಒಂದು ಚಿಕಿತ್ಸೆಗೆ ಎಲ್ಲ ಸೇರಿ ಇಷ್ಟು ಎಂದು ಕಟ್ಟಿದ ದರ) ಶೇ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬರೀ ಶೇ 30 ತಾನೇ ಎಂದು ಮೂಗು ಮುರಿಯಬೇಡಿ. ಆ ಲೆಕ್ಕ ನಡೆಯುವುದು ಸರ್ಕಾರ ಕಟ್ಟಿದ ಪ್ಯಾಕೇಜ್ ದರದ ಮೇಲೆ. ಆಸ್ಪತ್ರೆಯ ಸ್ವಂತ ರೇಟಿಗಿಂತ ಅದು ಸಾಮಾನ್ಯವಾಗಿ ಎಷ್ಟೋ ಕಡಿಮೆ. ನಿಮ್ಮ ನಿಜವಾದ ಉಳಿತಾಯ ಅಲ್ಲಿದೆ. ಮಾಮೂಲಿ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಬರೆದುಕೊಡುತ್ತಾರೆ. ತುರ್ತು ಇದ್ದರೆ ಆ ಕಾಗದ ಬೇಕಾಗಿಲ್ಲ, ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದು. ಅಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಬಾಗಿಲು ದಾಟಿದ ತಕ್ಷಣ ಅವರನ್ನು ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ಪ್ರಯೋಜನ ಇಲ್ಲ. ಹೃದಯದ ವಿಷಯಕ್ಕೆ ಜಯದೇವ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ರಾಣೆಬೆನ್ನೂರಿಗೆ ಯಾವುದೂ ಹತ್ತಿರ ಅಲ್ಲ, ನಿಜ. ಆದರೆ ಮುಂಚೆಯೇ ದಿನ ಗೊತ್ತಿರುವ ಚಿಕಿತ್ಸೆಗೆ ಆ ಪ್ರಯಾಣ ದುಬಾರಿಯಲ್ಲ.

ಈಗ ಆ 68,000. ಆರು ಜನರನ್ನು ಒಂದೇ ಪಾಲಿಸಿಯಲ್ಲಿ ಕಟ್ಟುವುದು ಏಜೆಂಟರಿಗೆ ಸುಲಭ, ನಿಮಗೆ ನಷ್ಟ. ಒಂದೇ ಮೊತ್ತವನ್ನು ಇಡೀ ಮನೆ ಹಂಚಿಕೊಳ್ಳುವ ಇಂಥ ಫ್ಯಾಮಿಲಿ ಫ್ಲೋಟರ್‌ನಲ್ಲಿ ಪ್ರೀಮಿಯಂ ಮುಖ್ಯವಾಗಿ ನಿಂತಿರುವುದು ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ. ಅಪ್ಪನ 66ರ ಲೆಕ್ಕದಲ್ಲಿ ನಿಮ್ಮ ಮಕ್ಕಳಿಗೂ ದುಡ್ಡು ಹೋಗುತ್ತದೆ. ಅಪ್ಪ ಒಂದು ಸಲ ಅಡ್ಮಿಟ್ ಆದರೆ ಆ ವರ್ಷ ಉಳಿದವರಿಗೆ ಮಿಕ್ಕುವುದೂ ಕಡಿಮೆ. ನೀವು, ಹೆಂಡತಿ, ಮಕ್ಕಳು ನಾಲ್ವರಿಗೆ ಬೇರೆ ಪಾಲಿಸಿ ತಗೊಳ್ಳಿ. ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ನೀವು ಹಾಸಿಗೆ ಹಿಡಿದರೆ ಅಂಗಡಿ ಮುಚ್ಚುತ್ತದೆ, ಮನೆಯ ದೊಡ್ಡ ಅಪಾಯ ಅದೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ ಸೊನ್ನೆಯಾಗಿದೆ. ಏಜೆಂಟ್ ಹೇಳಿದ ಮೊತ್ತದಲ್ಲಿ ಅದು ಇನ್ನೂ ಕೂತಿದೆಯಾ ಎಂದು ಕೇಳಿ ನೋಡಿ.

ತಗೊಳ್ಳುವಾಗ ರೂಮ್ ಬಾಡಿಗೆಯ ಮಿತಿ ಎಷ್ಟು ಎಂದು ನೋಡದೆ ಸಹಿ ಹಾಕಬೇಡಿ. ನಾನು ನೋಡಿದ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಶುರು. ಒಂದು ಲೆಕ್ಕ ಹಾಕೋಣ. ಪಾಲಿಸಿ 3 ಲಕ್ಷದ್ದು, ರೂಮಿಗೆ ದಿನಕ್ಕೆ ಶೇ 1, ಅಂದರೆ 3,000. ನೀವು 6,000ದ ರೂಮ್ ತಗೊಂಡಿರಿ, ಐದು ದಿನ ಇದ್ದಿರಿ. ಬಿಲ್ ಒಟ್ಟು 2 ಲಕ್ಷ: ರೂಮ್ 30,000, ಸರ್ಜನ್, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 1,10,000, ಔಷಧಿ ಮತ್ತು ಟೆಸ್ಟ್ 60,000. ರೂಮಿನ ವ್ಯತ್ಯಾಸ 15,000 ತಾನೇ, ಕೊಟ್ಟರಾಯಿತು ಎಂದುಕೊಳ್ಳುತ್ತೀರಿ. ಹಾಗಾಗುವುದಿಲ್ಲ. ನಿಮಗೆ ಅರ್ಹತೆ ಇದ್ದದ್ದು ಅರ್ಧ ದರದ ರೂಮಿಗೆ, ಹಾಗಾಗಿ ಆ 1,10,000ದಲ್ಲೂ ಅರ್ಧವನ್ನೇ ಕೊಡುತ್ತಾರೆ. ಔಷಧಿ, ಟೆಸ್ಟಿಗೆ ಈ ಕತ್ತರಿ ಇಲ್ಲ. ಕಂಪನಿ ಕೊಡುವುದು 1,30,000. ನಿಮ್ಮ ಕೈಯಿಂದ 70,000. ದೊಡ್ಡ ರೂಮುಗಳಲ್ಲಿ ಸರ್ಜನ್ ಫೀಸೂ ಜಾಸ್ತಿ ಹಾಕುವ ಪದ್ಧತಿ ಇರುವುದರಿಂದ ಈ ನಿಯಮ ಬಂತು. ಕೌಂಟರಿನಲ್ಲಿ ಅತ್ತವರನ್ನು ಕಂಡಿದ್ದೇನೆ. ರೂಮ್ ಮಿತಿ ಇಲ್ಲದ ಪಾಲಿಸಿಗೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಆಗದಿದ್ದರೆ ಮಿತಿಯೊಳಗಿನ ರೂಮೇ ಕೇಳಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ.

ತಾಯಿಯವರಿಗೂ ಪ್ರತ್ಯೇಕ ಪಾಲಿಸಿ ಈಗಲೇ ಮಾಡಿಸಿ. ಮೊಣಕಾಲಿನ ವಿಷಯ ಬರೆದೇ ಮಾಡಿಸಿ. ಕೀಲು ಬದಲಾವಣೆ, ಕಣ್ಣಿನ ಪೊರೆಯಂಥ ಕೆಲವು ಆಪರೇಷನ್‌ಗಳಿಗೆ ಎರಡು ಮೂರು ವರ್ಷ ಕಾಯಬೇಕಾಗುತ್ತದೆ. ಕಾಯುವ ಗಡಿಯಾರ ಪಾಲಿಸಿ ತಗೊಂಡ ದಿನದಿಂದ ಓಡುತ್ತದೆ, ನೋವು ಜಾಸ್ತಿಯಾದ ದಿನದಿಂದಲ್ಲ.

ತಂದೆಯವರದೇ ಕಷ್ಟ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಕಂಪನಿಗಳ ಬಳಿ ಪಾಲಿಸಿ ಇರಬೇಕು ಎಂದು ನಿಯಮ ಬದಲಾಯಿತು. ಎಲ್ಲರಿಗೂ ಕೊಡಲೇಬೇಕು ಎಂದು ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರನ್ನು ಕಂಪನಿ ಬೇಡ ಎನ್ನಬಹುದು. ಒಪ್ಪಿದರೂ ದರ ಜಾಸ್ತಿ ಹಾಕುತ್ತಾರೆ, ಬಿಲ್ಲಿನಲ್ಲಿ ಒಂದು ಪಾಲು ನೀವೇ ಕಟ್ಟಬೇಕು ಎಂಬ ಷರತ್ತು ಇಡುತ್ತಾರೆ, ಹಳೇ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಮೊದಲು ಇದು ನಾಲ್ಕು ವರ್ಷ ಇತ್ತು. ಒಮ್ಮೆ ಸಿಕ್ಕರೆ ಒಂದು ರಕ್ಷಣೆ ಇದೆ: 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಮಾತಾಡಬೇಕು ಎಂದು 2025ರ ಜನವರಿಯಲ್ಲಿ ಕಟ್ಟು ಹಾಕಿದ್ದಾರೆ. ಎರಡು ಮೂರು ಕಂಪನಿಗೆ ನಿಜ ಬರೆದು ಅರ್ಜಿ ಹಾಕಿ. ಎರಡು ಮೂರು ವರ್ಷ ಹೃದಯಕ್ಕೆ ಏನೂ ಸಿಗದ ಪಾಲಿಸಿಗೆ ವರ್ಷಕ್ಕೆ 40,000ದ ಮೇಲೆ ಕೇಳಿದರೆ, ನಾನಾಗಿದ್ದರೆ ಬೇಡ ಅನ್ನುತ್ತಿದ್ದೆ.

ಅವರೊಬ್ಬರಿಗೆ ನಿಮ್ಮ ಆರ್‌ಡಿ ಯೋಚನೆ ಸರಿ. ಯಶಸ್ವಿನಿ ಮತ್ತು ಆರೋಗ್ಯ ಕರ್ನಾಟಕ ಇಟ್ಟುಕೊಂಡು, ಜೊತೆಗೆ ತಿಂಗಳಿಗೆ ಮೂರೋ ನಾಲ್ಕೋ ಸಾವಿರ ಅವರಿಗೆಂದೇ ಕೂಡಿಸಿ. ಅಪಾಯವೂ ಗೊತ್ತಿರಲಿ. ಆರು ತಿಂಗಳಲ್ಲೇ ಏನಾದರೂ ಆದರೆ ಆರ್‌ಡಿಯಲ್ಲಿ 24,000 ಮಾತ್ರ ಇರುತ್ತದೆ. ಮಕ್ಕಳ ಫೀಸು, ಅಂಗಡಿಯ ಸರಕು ಎಂದು ಅದಕ್ಕೆ ಕೈ ಹಾಕುವ ಆಸೆಯೂ ಬರುತ್ತದೆ. ನಿಮಗೆ, ಮಕ್ಕಳಿಗೆ ಮಾತ್ರ ಆರ್‌ಡಿ ವಿಮೆಯ ಬದಲಿ ಆಗಲಾರದು. 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷದ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ 2024ರ ಅಕ್ಟೋಬರಿನಲ್ಲಿ ಶುರು ಮಾಡಿದೆ. ನಿಮ್ಮ ತಂದೆಗೆ ಅದಕ್ಕೆ ಇನ್ನೂ ನಾಲ್ಕು ವರ್ಷ.

ಇನ್ನೊಂದು ಖರ್ಚನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ತಂದೆಯವರ ಮಾತ್ರೆ, ರಕ್ತ ಪರೀಕ್ಷೆ, ಡಾಕ್ಟರ್ ಫೀಸು. ಸಾಮಾನ್ಯ ಪಾಲಿಸಿ ಇದಾವುದನ್ನೂ ಕೊಡುವುದಿಲ್ಲ, ಅಡ್ಮಿಟ್ ಆಗಬೇಕು. ದೇಶದ ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64 ಇತ್ತು, 2021-22ಕ್ಕೆ ಶೇ 39ಕ್ಕೆ ಇಳಿದಿದೆ ಎನ್ನುತ್ತದೆ ಸರ್ಕಾರದ ಲೆಕ್ಕ. ಉಳಿದಿರುವುದರಲ್ಲಿ ಮಾತ್ರೆ ಅಂಗಡಿಯ ಬಿಲ್ಲಿನದೇ ದೊಡ್ಡ ಪಾಲು. ವೈದ್ಯರನ್ನು ಕೇಳಿ ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ತಗೊಳ್ಳಿ. ಸ್ಟೆಂಟ್ ಹಾಕಿದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ದುಡ್ಡು ಉಳಿಸಲು ತಾವಾಗಿ ನಿಲ್ಲಿಸಬಾರದು. ನಿಲ್ಲಿಸಿ ಮತ್ತೆ ಬಂದ ಫೈಲುಗಳನ್ನು ನೋಡಿದ್ದೇನೆ.

ಕೊನೆಗೆ ಏಜೆಂಟರ ಸಲಹೆ. ಐದು ವರ್ಷದ ಮಾತು ಅರ್ಧ ನಿಜ. ಪಾಲಿಸಿ ತಪ್ಪದೆ 60 ತಿಂಗಳು ನಡೆದರೆ, ಮುಂಚೆ ಹೇಳಿಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಳ್ಳುವಂತಿಲ್ಲ. ಆದರೆ ಮೋಸ ಎಂದು ಸಾಬೀತಾದರೆ ಆ ರಕ್ಷಣೆ ಇಲ್ಲ. ಗೊತ್ತಿದ್ದೂ ಬರೆಯದಿರುವುದನ್ನು ಇನ್ನೇನೆಂದು ಕರೆಯುತ್ತಾರೆ? ಇದು ಐದು ವರ್ಷ ಆದಮೇಲಿನ ಮಾತು. ಎರಡನೇ ವರ್ಷವೇ ಅಡ್ಮಿಟ್ ಆದರೆ? ಕೇಸ್ ಶೀಟಿನ ಮೊದಲ ಪುಟದಲ್ಲೇ ಡ್ಯೂಟಿ ಡಾಕ್ಟರ್ ಕೇಳಿ ಬರೆದಿರುತ್ತಾರೆ: ಸಕ್ಕರೆ ಕಾಯಿಲೆ, ಇಷ್ಟು ವರ್ಷದಿಂದ. ಜ್ವರದಲ್ಲಿ ಮಲಗಿದ ತಂದೆಯವರು ಪಾಪ ನಿಜವನ್ನೇ ಹೇಳಿರುತ್ತಾರೆ. ಕ್ಲೇಮ್ ನೋಡುವವರು ಮೊದಲು ತೆರೆಯುವುದು ಆ ಪುಟವನ್ನೇ, ನಾನೂ ಅದನ್ನೇ ತೆರೆಯುತ್ತಿದ್ದೆ. ಕ್ಲೇಮ್ ಹೋಗುತ್ತದೆ, ಪಾಲಿಸಿ ರದ್ದಾಗುತ್ತದೆ. ಆರು ಜನಕ್ಕೆ ಒಂದೇ ಪಾಲಿಸಿ ಮಾಡಿಸಿದ್ದರೆ ಎಲ್ಲರ ವಿಮೆಗೂ ಪೆಟ್ಟು. ಅಷ್ಟೊತ್ತಿಗೆ ಏಜೆಂಟರ ಕಮಿಷನ್ ಅವರ ಜೇಬಿನಲ್ಲಿರುತ್ತದೆ.

ಎಲ್ಲ ನಿಜ ಬರೆದೂ ಕಂಪನಿ ಕ್ಲೇಮ್ ತಳ್ಳಿದರೆ ಬೇರೆ ಮಾತು. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಗೇ ದೂರು ಕೊಡಿ. ಒಪ್ಪದಿದ್ದರೆ ವಿಮೆಯ ತಕರಾರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಬೆಂಗಳೂರಿನಲ್ಲಿ ಕಚೇರಿ ಇದೆ. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ಕಂಪನಿಯ ಉತ್ತರ ಬಂದು ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿ ಗೆಲ್ಲಿಸುವುದು ಕಾಗದ. ತಂದೆಯವರ ಡಿಸ್ಚಾರ್ಜ್ ಸಮ್ಮರಿ, ಆಂಜಿಯೋಗ್ರಾಂ ಸಿಡಿ, ಸ್ಟೆಂಟಿನ ಸ್ಟಿಕ್ಕರ್ ಇರುವ ಹಾಳೆ, ಬಿಲ್ಲಿನ ವಿವರ ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಎರಡೆರಡು ಜೆರಾಕ್ಸ್ ತೆಗೆಸಿಡಿ. ಸೊಸೈಟಿಯ ಷೇರು ರಸೀದಿಯನ್ನೂ ಅದರಲ್ಲೇ ಸೇರಿಸಿ.